ನಿಂತು ತೊಳೆಯುವ ಬಾನಿ

ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೆ ಗಂಡಸಿಗೆ ಕನಿಷ್ಠ ಮೂರು ಜನ ಬೇಕು. ಒಬ್ಬರು ಸ್ಟೂಲು ಹಿಡಿಯಬೇಕು, ಒಬ್ಬರು ಮೊಳೆ ಕೊಡಬೇಕು, ಇನ್ನೊಬ್ಬರು ದೂರ ನಿಂತು 'ಸ್ವಲ್ಪ ಎಡಕ್ಕೆ' ಎನ್ನಬೇಕು. ಹೊಡೆದಾದ ಮೇಲೆ ಉಳಿದವರೂ ಬಂದು ನೋಡಿ, ಹೌದು, ಇದು ಮೊಳೆಯೇ ಎಂದು ಒಪ್ಪಬೇಕು. ಅದೇ ಹೊತ್ತಿನಲ್ಲಿ ಒಳಗೆ ಒಬ್ಬಾಕೆ ಎರಡು ಸೇರು ಅಕ್ಕಿ ರುಬ್ಬಿ, ಒರಳು ತೊಳೆದು, ಕೈ ಒರೆಸಿಕೊಂಡಿರುತ್ತಾಳೆ. ಅದನ್ನು ನೋಡಲು ಯಾರೂ ಹೋಗುವುದಿಲ್ಲ. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ನನ್ನ ಆಯುಷ್ಯದಲ್ಲಿ ನಾನು ಸ್ವಂತ ಕೈಯಲ್ಲಿ ಗರಗಸ ಹಿಡಿದು ಮಾಡಿದ ಮನೆಯ ಕೆಲಸ ಒಂದೇ ಒಂದು. ಅಡುಗೆಮನೆಗೆ ಸಿಂಕ್ ಕೂರಿಸಿದ್ದು. ಅದನ್ನು ನೋಡಲು ನಾನು ಕರೆಯದ ಮನುಷ್ಯ ತೀರ್ಥಹಳ್ಳಿ ಪೇಟೆಯಲ್ಲಿ ಉಳಿದಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು ಇದು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ತಂದೆ ಬಿಟ್ಟುಹೋದ ಎರಡು ಕೋಣೆಯ ಹೆಂಚಿನ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಸರೋಜ, ಕೊಟ್ಟಿಗೆಯಲ್ಲಿ ಒಂದು ಹಸು. ಮದುವೆಯಾಗಿ ಎರಡು ವರ್ಷ ಆಗಿತ್ತು. ಪಾತ್ರೆ ತೊಳೆಯುವ ಜಾಗ ಎಲ್ಲರ ಮನೆಯ ಹಾಗೆ ನಮ್ಮಲ್ಲೂ ಹಿತ್ತಲಲ್ಲಿ, ಬಾವಿಯ ಪಕ್ಕ. ಒಂದು ಚಪ್ಪಡಿ ಕಲ್ಲು, ಒಂದು ಚಿಪ್ಪಿನಲ್ಲಿ ಒಲೆಬೂದಿ, ಒಂದು ಹಿಡಿ ತೆಂಗಿನ ನಾರು. ಆಷಾಢದಲ್ಲಿ ಆ ಕಲ್ಲು ಪಾಚಿಗಟ್ಟುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಉಜ್ಜಿ ತೆಗೆಯಬೇಕು ಎಂದೂ ಗೊತ್ತಿತ್ತು. ನಾಳೆ ಉಜ್ಜೋಣ ಎಂದುಕೊಂಡೇ ಅರ್ಧ ಆಷಾಢ ಕಳೆದಿದ್ದೆ. ಒಂದು ಬೆಳಿಗ್ಗೆ ಸರೋಜ ಆ ಕಲ್ಲಿನ ಮೇಲೆ ಜಾರಿ ಬಿದ್ದಳು.

ಮೂಳೆ ಮುರಿದಿರಲಿಲ್ಲ. ಆದರೆ ಸೊಂಟ ಹಿಡಿದುಕೊಂಡಿತು. ಡಾಕ್ಟರು ಬಂದು ನೋಡಿ, ಒಂದು ತಿಂಗಳು ಮಲಗಿರಬೇಕು, ಆಮೇಲೆ ಒಂದು ವರ್ಷ ಕುಕ್ಕರಗಾಲಲ್ಲಿ ಕೂರಕೂಡದು, ಬಗ್ಗಕೂಡದು ಎಂದರು. ಬಗ್ಗದೆ ಕೂರದೆ ನಮ್ಮ ಕಡೆ ಒಬ್ಬ ಹೆಂಗಸು ಏನು ಮಾಡಲು ಸಾಧ್ಯ ಎಂದು ಅವರು ಹೇಳಲಿಲ್ಲ. ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ, ಆವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಒಲೆ ನೆಲದಲ್ಲಿ. ಒರಳು ನೆಲದಲ್ಲಿ. ಬೀಸುವ ಕಲ್ಲು, ಈಳಿಗೆಮಣೆ, ಕಡೆಗೋಲಿನ ಕಂಬದ ಬುಡ, ಎಲ್ಲ ನೆಲದಲ್ಲಿ. ನನ್ನ ಕೋಣೆಗೆ ಬಂದರೆ ಮೇಜು, ಕುರ್ಚಿ, ಗೋಡೆಯ ಗಡಿಯಾರ, ಕೋಟು ನೇತುಹಾಕುವ ಗೂಟ. ಒಂದೇ ಮನೆಯಲ್ಲಿ ಗಂಡಸು ಮೂರಡಿ ಮೇಲೆ ಬದುಕುತ್ತಿದ್ದಾನೆ, ಹೆಂಗಸು ನೆಲದ ಮೇಲೆ ಬದುಕುತ್ತಿದ್ದಾಳೆ. ಮಕ್ಕಳಿಗೆ ಸಮಾನಾಂತರ ರೇಖೆಗಳು ಎಲ್ಲೂ ಸೇರುವುದಿಲ್ಲ ಎಂದು ಪಾಠ ಹೇಳುವವನಿಗೆ ಇದು ಕಾಣಲು ಹೆಂಡತಿ ಜಾರಿ ಬೀಳಬೇಕಾಯಿತು.

ಸುದ್ದಿ ತಿಳಿದು ಹೊಸನಗರದ ಹತ್ತಿರದ ಹಳ್ಳಿಯಿಂದ ಮಾವ ಬಂದರು. ಮಾವ ಎಂದರೆ ಸರೋಜಳ ಅಪ್ಪ. ಹತ್ತು ಮಾತಿನ ಜಾಗದಲ್ಲಿ ಒಂದು ಮಾತಾಡುವವರು. ಮಗಳನ್ನು ನೋಡಿ, ಜಗುಲಿಗೆ ಬಂದು ಕೂತು, ಬಹಳ ಹೊತ್ತು ಎಲೆ ಅಡಿಕೆ ಅಗಿದು ಹೇಳಿದರು.

"ಅಳಿಯಂದ್ರೆ, ನಿಮ್ಮನ್ನ ದೂರೋದಲ್ಲ. ನಮ್ಮಲ್ಲಿ ಇವಳ ಅತ್ತಿಗೆಯೋರು ಇಬ್ರಿದಾರೆ, ಕೆಲ್ಸಕ್ಕೆ ಜನ ಇದಾರೆ. ಒಂದು ವರ್ಷ ಅಲ್ಲಿರ್ಲಿ. ಸೊಂಟ ಗಟ್ಟಿಯಾದ್ಮೇಲೆ ನಾನೇ ಕರ್ಕಂಡ್ ಬಂದು ಬಿಡ್ತೀನಿ."

ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಎರಡು ವರ್ಷದಲ್ಲಿ ನಾನು ಪೂರ್ತಿ ಕೆಟ್ಟುಹೋಗಿದ್ದೆ. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಒಳಗಿಂದ "ಬಂದ್ರಾ" ಎಂಬ ಒಂದು ಮಾತು ಕೇಳದಿದ್ದರೆ ನನಗೆ ಮನೆಗೆ ಬಂದ ಹಾಗೇ ಆಗುತ್ತಿರಲಿಲ್ಲ. ಒಂದು ವರ್ಷ ಆ ಮಾತಿಲ್ಲದೆ ಚಪ್ಪಲಿ ಬಿಡುವುದು ಹೇಗೆ? ಸರೋಜ ಒಳಗಿನಿಂದ ಏನೂ ಹೇಳಲಿಲ್ಲ. ಅವಳಿಗೆ ಹೋಗಲು ಇಷ್ಟವಿಲ್ಲ ಎಂದು ನಾನು ಆ ಮೌನವನ್ನು ಅರ್ಥಮಾಡಿಕೊಂಡೆ. ಮಾವನವರು ಇನ್ನೇನೋ ಅರ್ಥ ಮಾಡಿಕೊಂಡಿರಬಹುದು.

"ದಸರಾವರೆಗೆ ಟೈಮ್ ಕೊಡಿ ಮಾವಯ್ಯ," ಎಂದೆ. "ಅಷ್ಟರಲ್ಲಿ ಒಂದು ವ್ಯವಸ್ಥೆ ಮಾಡ್ತೀನಿ. ಆಗದಿದ್ರೆ ಕರ್ಕೊಂಡು ಹೋಗಿ."

"ಹಂಗೇ ಆಗ್ಲಿ. ದಸರಾ ರಜೆಗೆ ಬರ್ತೀನಿ," ಎಂದು ಅವರು ಮಧ್ಯಾಹ್ನದ ಬಸ್ಸಿಗೆ ಹೋದರು.

ಈಗ ನೀವು ಒಂದು ಪ್ರಶ್ನೆ ಕೇಳುತ್ತೀರಿ. ಅಷ್ಟು ಸಂಕಟ ಇದ್ದರೆ ನೀನೇ ಪಾತ್ರೆ ತೊಳೆಯಬಹುದಿತ್ತಲ್ಲ ಮಾರಾಯ ಎನ್ನುತ್ತೀರಿ. ನಿಜ. ಆದರೆ ಆ ಕಾಲದಲ್ಲಿ ಈ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ, ಕೇಳಿಕೊಳ್ಳುವವರಂತೂ ಮೊದಲೇ ಇರಲಿಲ್ಲ. ನಾನು ಬಾವಿಯಿಂದ ನೀರು ಸೇದುತ್ತಿದ್ದೆ. ಅದರಿಂದ ಗಂಡಸಿನ ಮಾನಕ್ಕೆ ಕುಂದಿಲ್ಲ, ಯಾಕೆಂದರೆ ನೀರು ಸೇದುವಾಗ ರಟ್ಟೆ ಕಾಣುತ್ತದೆ. ಸೌದೆ ಒಡೆಯುತ್ತಿದ್ದೆ. ಅದರಲ್ಲೂ ರಟ್ಟೆ ಇದೆ. ಸರೋಜ ಎದ್ದು ಓಡಾಡುವಂತಾದ ಮೇಲೆ ಒಂದು ಹಳೆಯ ಬೆಂಚಿನ ಮೇಲೆ ಸೀಮೆಎಣ್ಣೆ ಸ್ಟೌ ಇಟ್ಟುಕೊಟ್ಟೆ, ನಿಂತೇ ಅನ್ನ ಸಾರು ಮಾಡುವಷ್ಟು ಆಯಿತು. ಉಳಿದದ್ದು ಮುಸುರೆ ಪಾತ್ರೆ. ಅದು ಹಿತ್ತಲಲ್ಲಿ, ಕುಕ್ಕರಗಾಲಲ್ಲಿ ಕೂತು, ಓಣಿಯಲ್ಲಿ ಹೋಗುವ ನನ್ನ ವಿದ್ಯಾರ್ಥಿಗಳ ಕಣ್ಣೆದುರು ತೊಳೆಯಬೇಕಾದದ್ದು. ಅದರಲ್ಲಿ ರಟ್ಟೆ ಎಲ್ಲಿದೆ? ಸದ್ಯಕ್ಕೆ ಪಕ್ಕದ ಮನೆಯ ಗಿರಿಜಮ್ಮ ಎರಡು ಹೊತ್ತು ಬಂದು ತೊಳೆದುಕೊಡುತ್ತಿದ್ದರು. ಅವರೂ ದಸರಾ ಹೊತ್ತಿಗೆ ಮಗಳ ಬಾಣಂತನಕ್ಕೆ ಹೊರಡುವವರಿದ್ದರು. ದಿನಕ್ಕೆ ಹತ್ತು ಪಾತ್ರೆ ತೊಳೆಯುವುದನ್ನು ತಪ್ಪಿಸಿಕೊಳ್ಳಲು ನಾನು ಎರಡು ತಿಂಗಳು ಬಡಗಿ, ಗಾರೆಯವ, ಹಮಾಲಿ ಮೂರೂ ಆದೆ. ಸಣ್ಣ ಕೆಲಸದಿಂದ ಪಾರಾಗಲು ಗಂಡಸು ಎಷ್ಟು ದೊಡ್ಡ ಕೆಲಸಕ್ಕೂ ಅಂಜುವುದಿಲ್ಲ.

ಸಿಂಕ್ ಎಂಬ ವಸ್ತುವನ್ನು ನಾನು ಮೊದಲು ನೋಡಿದ್ದು ಸಾಗರದ ಕಡೆ, ಗೆಳೆಯ ವಾಮನನ ಮನೆಯಲ್ಲಿ. ಅವನು ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದ. ಅವನ ಕಾಲೊನಿ ಮನೆಯಲ್ಲಿ ಅವನ ಹೆಂಡತಿ ನಿಂತುಕೊಂಡೇ ಪಾತ್ರೆ ತೊಳೆಯುತ್ತಿದ್ದರು, ತೊಳೆಯುತ್ತ ನಮ್ಮ ಹತ್ತಿರ ಮಾತೂ ಆಡುತ್ತಿದ್ದರು. ಅದು ನೆನಪಾಗಿ ಅವನಿಗೆ ಕಾಗದ ಬರೆದೆ. ಕಾಲೊನಿಯಲ್ಲಿ ಮಿಕ್ಕ ಸಾಮಾನು ಹರಾಜು ಹಾಕಿದಾಗ ಒಂದು ಸಿಂಕ್ ತಂದಿಟ್ಟಿದ್ದೇನೆ, ಒಂದು ಮೂಲೆಯಲ್ಲಿ ಎನಾಮಲ್ ಹಾರಿದೆ, ಬೇಕಾದರೆ ಒಯ್ಯಿ ಎಂದು ಅವನು ಬರೆದ. ಮುಂದಿನ ಭಾನುವಾರವೇ ಹೋಗಿ ಹೊತ್ತು ತಂದೆ. ಕಬ್ಬಿಣದ್ದು, ಮೇಲೆ ಬಿಳಿ ಎನಾಮಲ್, ಸುತ್ತ ಎರಡು ಬೆರಳು ಅಗಲದ ಅಂಚು. ಹಲಗೆಯಲ್ಲಿ ತೂತು ಕೊರೆದು ಮೇಲಿನಿಂದ ಇಳಿಬಿಟ್ಟರೆ ಆ ಅಂಚಿನ ಮೇಲೆ ಕೂರುತ್ತದೆ, ಅಷ್ಟೇ ವಿದ್ಯೆ ಎಂದು ವಾಮನ ವಿವರಿಸಿದ. ಅಷ್ಟೇ ವಿದ್ಯೆ ಎಂದು ಇನ್ನೊಬ್ಬರು ಹೇಳಿದ ಯಾವ ವಿದ್ಯೆಯೂ ಅಷ್ಟೇ ಆಗಿರುವುದಿಲ್ಲ.

ಬಸ್ಸಿನ ಮೇಲೆ ಹಾಕಿದರೆ ಇನ್ನೊಂದು ಮೂಲೆಯ ಎನಾಮಲ್ಲೂ ಹೋದೀತೆಂದು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಹೊಸನಗರದಲ್ಲಿ ಬಸ್ಸು ಕಾಫಿಗೆ ನಿಂತಿತು. ನಾನು ಇಳಿಯಲಾರದೆ ಕೂತಿದ್ದರೆ ಕಿಟಕಿಯ ಹೊರಗೆ ನಾಲ್ಕು ಜನ ಸೇರಿದರು. ಕೂಸಿಗೆ ಎಣ್ಣೆನೀರು ಹಾಕುವುದು ಎಂದು ಒಬ್ಬ ಹೇಳಿದ. ಅಲ್ಲ, ಆಸ್ಪತ್ರೆಯದ್ದು ಎಂದು ಇನ್ನೊಬ್ಬ. ಕಂಬಳಿ ಹೊದ್ದಿದ್ದ ಮುದುಕರೊಬ್ಬರು ಕಿಟಕಿಯೊಳಗೆ ಕೈಹಾಕಿ ಅದರ ತಳ ತಡವಿದರು.

"ದನಿಗೆ ನೀರಿಡೋ ಬಾನಿ ಇದು," ಎಂದು ತೀರ್ಮಾನ ಕೊಟ್ಟು, ಬೆರಳಿಗೆ ತೂತು ಸಿಕ್ಕಿದ ಮೇಲೆ ನನ್ನ ಮುಖ ನೋಡಿದರು. "ಬಾನಿ ಚೆನ್ನಾಗದೆ. ಆದ್ರೆ ತೂತು ಬಾನಿ ಕೊಟ್ಟು ನಿಮಗೆ ಟೋಪಿ ಹಾಕಿದಾರೆ ಮಾರಾಯ್ರೆ."

ಇದು ಪಾತ್ರೆ ತೊಳೆಯುವುದು, ನಿಂತು ತೊಳೆಯುವುದು ಎಂದೆ. ಅವರು ಕೈ ಹೊರಕ್ಕೆ ತೆಗೆದರು. "ನಿಂತು ತೊಳೆಯೋ ಬಾನಿ," ಎಂದು ಪಕ್ಕದವರಿಗೆ ಹೇಳಿದರು. ತೀರ್ಥಹಳ್ಳಿ ಮುಟ್ಟುವವರೆಗೆ ಬಸ್ಸಿನಲ್ಲಿ ಅದಕ್ಕೆ ಅದೇ ಹೆಸರಾಯಿತು, ನಮ್ಮ ಮನೆಯಲ್ಲೂ ಉಳಿಯಿತು.

ಸಿಂಕ್ ಕೂರಿಸಲು ಕಲ್ಲಿನ ಚಪ್ಪಡಿ ಕೊರೆಯುವುದು ನನ್ನಿಂದ ಆಗದ ಮಾತು. ಅಟ್ಟದ ಮೇಲೆ ಹಲಸಿನ ಹಲಗೆಯೊಂದಿತ್ತು, ಎರಡು ಬೆರಳು ದಪ್ಪ, ಬಾಗಿಲಷ್ಟು ಉದ್ದ. ಮಂಜಾಚಾರಿ ಎಂಬ ಬಡಗಿಯ ಹತ್ತಿರ ಗರಗಸ, ತೂತು ಕೊರೆಯುವ ಬೈರಿಗೆ ಕಡ ತಂದೆ. "ನಾನೇ ಬಂದು ಅರ್ಧ ದಿನ್ದಲ್ಲಿ ಮಾಡಿ ಹೋಗ್ತಿದ್ನಲ್ಲ ಮೇಷ್ಟ್ರೆ," ಎಂದು ಆಚಾರಿ ಅಂದ. ನಾನು ನಕ್ಕೆ. ರೇಖಾಗಣಿತ ಕಲಿಸುವವನು ಒಂದು ಆಯತ ಕೊರೆಯಲು ಆಚಾರಿಯನ್ನು ಕರೆಯಬೇಕೆ?

ಭಾನುವಾರ ಬೆಳಿಗ್ಗೆ ಸಿಂಕನ್ನು ಹಲಗೆಯ ಮೇಲೆ ಕವುಚಿ ಹಾಕಿ, ಇದ್ದಿಲಿನಿಂದ ಸುತ್ತ ಗೆರೆ ಎಳೆದೆ. ಮೂಲೆಯ ದುಂಡು ಕೂಡ ಬಿಡದೆ ಬಂತು. ಗೆರೆಯ ಮೇಲೆ ಗರಗಸ ಇಡುವಷ್ಟರಲ್ಲಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಸರೋಜ ಕೇಳಿದಳು.

"ಅಲ್ಲಾ, ಅದರ ಅಂಚೂ ತೂತೊಳಗೇ ಹೋಗ್ತದಲ್ಲ. ಮತ್ತೆ ಅದು ನಿಲ್ಲೋದು ಯಾವ್ದರ ಮೇಲೆ?"

ಗರಗಸ ಕೆಳಗಿಟ್ಟೆ. ಎರಡು ಬೆರಳು ಒಳಗೆ ಇನ್ನೊಂದು ಗೆರೆ ಎಳೆದೆ. ಇದನ್ನೇ ಹೇಳಬೇಕೆಂದಿದ್ದೆ ಎಂದು ನಾನು ಹೇಳಿದ ನೆನಪು. ಹೌದಾ ಎಂದು ಅವಳು ಕೇಳಿದಂತೆಯೂ ನೆನಪು. ಏನೇ ಇರಲಿ, ಆ ಆಯತ ಕೊರೆಯಲು ಅರ್ಧ ದಿನದ ಬದಲು ಮೂರು ಭಾನುವಾರ ಹಿಡಿಯಿತು. ಹಲಸಿನ ಮರ ಒಣಗಿದ ಮೇಲೆ ಕಬ್ಬಿಣವೇ ಸರಿ. ಅಂಗೈಯಲ್ಲಿ ಬೊಬ್ಬೆ ಎದ್ದು ನಾನು ಬೋರ್ಡಿನ ಮೇಲೆ ಬರೆಯಲಾರದೆ ಮಕ್ಕಳಿಂದಲೇ ಲೆಕ್ಕ ಬಿಡಿಸಿದೆ. ಆ ವರ್ಷ ಮಕ್ಕಳು ಗಣಿತದಲ್ಲಿ ಹಿಂದೆಂದಿಗಿಂತ ಚೆನ್ನಾಗಿ ಪಾಸಾದರು ಎಂಬುದನ್ನು ನಾನು ಹೆಚ್ಚು ಪ್ರಚಾರ ಮಾಡಲಿಲ್ಲ.

ಹಲಗೆ ಎಷ್ಟು ಎತ್ತರದಲ್ಲಿರಬೇಕು? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ವಾಸ್ತು ಬಲ್ಲ ಪುರೋಹಿತರೊಬ್ಬರನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ. ಬೆಂಕಿ ಆಗ್ನೇಯಕ್ಕೆ, ನೀರು ಈಶಾನ್ಯಕ್ಕೆ ಎಂದರು. ಮುಸುರೆ ಪಾತ್ರೆಗೆ ಯಾವ ದಿಕ್ಕು, ಎಷ್ಟು ಎತ್ತರ ಎಂದರೆ ಅವರು ಕೊಡೆ ಬಿಚ್ಚಿಕೊಂಡು ಹೊರಟರು. ಎಂಟು ದಿಕ್ಕಿಗೂ ಒಡೆಯರಿದ್ದಾರೆ, ಮುಸುರೆಗೆ ಯಾರೂ ಇಲ್ಲ. ಕೊನೆಗೆ ನಾನೇ ಒಂದು ದಾರದ ತುದಿಯನ್ನು ಕಾಲಿನ ಹೆಬ್ಬೆರಳಿನಡಿ ಒತ್ತಿ, ನೆಟ್ಟಗೆ ನಿಂತು, ಸೊಂಟದ ಹತ್ತಿರ ಗಂಟು ಹಾಕಿದೆ. ಬಗ್ಗದೆ ತೊಳೆಯಬೇಕಾದರೆ ಸೊಂಟದೆತ್ತರ ಇರಬೇಕು ಎಂಬುದು ಸೂತ್ರ. ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಗುರುತು ಮಾಡಿ, ಎರಡು ಕಡೆ ಇಟ್ಟಿಗೆಯ ಕಂಬ ಕಟ್ಟಿ, ಹಲಗೆ ಹಾಸಿದೆ. ಒಲೆಗೆ ಎದುರಿನ ಗೋಡೆಯಲ್ಲೇ ಇರಬೇಕು, ಮುಸುರೆ ಅಡುಗೆಯ ಹತ್ತಿರ ಬರಕೂಡದು ಎಂದು ಸರೋಜ ಮೊದಲೇ ಹೇಳಿದ್ದಳು. ನೀರು ಹೋಗಲು ಗೋಡೆಗೆ ತೂತು ಹೊಡೆದು, ಹೊರಗೆ ಅಡಿಕೆ ಮರ ಸೀಳಿ ತೋಡಿದ ದಬ್ಬೆ ಇಟ್ಟು ಬಸಳೆ ಚಪ್ಪರದ ಬುಡಕ್ಕೆ ಹಾಯಿಸಿದೆ. ಒಂದು ಹನಿಯೂ ದಂಡವಾಗುವುದಿಲ್ಲ ಎಂದು ವಿವರಿಸುತ್ತಿದ್ದೆ.

"ಅಕ್ಕಚ್ಚು?" ಎಂದಳು ಸರೋಜ.

ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ, ಎಲ್ಲ ಸೇರಿದ್ದೇ ಅಕ್ಕಚ್ಚು. ಅದು ಹಸುವಿನ ಪಾಲು. ನಮ್ಮ ಕಡೆ ಅಡುಗೆಮನೆಯಲ್ಲಿ ಕೊಳಕು ನೀರು ಎಂಬುದೇ ಇಲ್ಲ, ಯಾರದೋ ಪಾಲಿನ ನೀರು ಎಂಬುದು ಮಾತ್ರ ಇದೆ. ತೂತಿನಲ್ಲಿ ಬಿಟ್ಟು ಕಳುಹಿಸಲು ಸಿಂಕ್ ಮಾಡಿದವನಿಗೆ ಹಸುವಿನ ಪರಿಚಯ ಇದ್ದಂತಿರಲಿಲ್ಲ. ಆಮೇಲೆ ಹಲಗೆಯ ಪಕ್ಕ ಒಂದು ಬಕೆಟ್ಟಿಗೂ ಜಾಗ ಮಾಡಿದೆ. ನಮ್ಮ ಹಸು ಎರಡು ದಿನ ಅಡುಗೆಮನೆಯ ಕಿಟಕಿಯ ಕಡೆ ಸಂಶಯದಿಂದ ನೋಡಿ ಸುಮ್ಮನಾಯಿತು.

ಇನ್ನು ಉಳಿದದ್ದು ಸಿಂಕಿನ ಅಂಚಿಗೂ ಹಲಗೆಗೂ ನಡುವಿನ ಸಂದು. ಅದನ್ನು ಮುಚ್ಚದಿದ್ದರೆ ನೀರು ಇಳಿದು ಹಲಗೆ ಕೊಳೆಯುತ್ತದೆ. ಇಲ್ಲಿ ನನ್ನ ಪಾಂಡಿತ್ಯ ಕೆಲಸಕ್ಕೆ ಬಂತು. ಹೊಸನಗರದ ಆಚೆ ನಗರ ಎಂಬ ಊರಿನಲ್ಲಿ ಕೋಟೆ ಇದೆಯಲ್ಲ, ಅದನ್ನು ಸುಣ್ಣಕ್ಕೆ ಬೆಲ್ಲ ಸೇರಿಸಿ ಅರೆದ ಗಾರೆಯಲ್ಲಿ ಕಟ್ಟಿದ್ದು ಎಂದು ಆ ಕಡೆ ಎಲ್ಲರೂ ಹೇಳುತ್ತಾರೆ. ನೂರಾರು ಮಳೆಗಾಲ ಕಂಡ ಗೋಡೆ, ಇವತ್ತಿಗೂ ಉಗುರು ಇಳಿಯುವುದಿಲ್ಲ. ಅರಸರ ಕೋಟೆಗೆ ಸಾಕಾದದ್ದು ಸರೋಜಳ ಸಿಂಕಿಗೆ ಸಾಲದೆ? ಸುಣ್ಣ ತಂದು, ಒಳ್ಳೆಯ ಜೋನಿಬೆಲ್ಲ ಧಾರಾಳವಾಗಿ ಹಾಕಿ, ಕಲಸಿ, ಸುತ್ತಲೂ ಮೆತ್ತಿದೆ. ಒಣಗಲಿ ಎಂದು ಬಿಟ್ಟು ಶಾಲೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ತೀರ್ಥಹಳ್ಳಿಯ ಇರುವೆಗಳೆಲ್ಲ ಮೂರು ಸಾಲಾಗಿ ಗೋಡೆ ಹತ್ತಿ ಬಂದು ಸಿಂಕಿನ ನಾಲ್ಕು ಕಡೆಯೂ ಮುತ್ತಿಗೆ ಹಾಕಿದ್ದವು.

"ಕೋಟೆ ಅಂದ್ಮೇಲೆ ದಂಡು ಬರ್ಬೇಕಲ್ಲ," ಎಂದಳು ಸರೋಜ.

ಹಿಂದಿನವರು ಬೆಲ್ಲವನ್ನು ಎಷ್ಟು ಹಾಕುತ್ತಿದ್ದರು, ಎಷ್ಟು ದಿನ ಅರೆಯುತ್ತಿದ್ದರು ಎಂದು ನಾನು ಕೇಳಿಕೊಂಡಿರಲಿಲ್ಲ. ಪಾಂಡಿತ್ಯಕ್ಕೂ ಅಡುಗೆಗೂ ಇರುವ ವ್ಯತ್ಯಾಸ ಅಷ್ಟೇ, ಅಡುಗೆಯವರಿಗೆ ಪ್ರಮಾಣ ಗೊತ್ತಿರುತ್ತದೆ. ಸುದ್ದಿ ಕೇಳಿ ಮಂಜಾಚಾರಿ ತಾನಾಗಿ ಬಂದ. ನಗಲಿಲ್ಲ, ಅದು ಅವನ ದೊಡ್ಡತನ. ದೋಣಿಯ ಸಂದಿಗೆ ಹಾಕುವ ಹಾಗೆ ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಹುಯ್ಯಿರಿ ಎಂದ. ಹಾಗೇ ಮಾಡಿದೆ. ಸಂದು ಮುಚ್ಚಿತು. ಒಂದು ವಾರ ನಮ್ಮ ಅಡುಗೆಮನೆ ದೇವಸ್ಥಾನದ ಹಾಗೆ ಘಮಗುಟ್ಟಿತು. ಸೀಮೆಎಣ್ಣೆಯ ಖಾಲಿ ಡಬ್ಬಕ್ಕೆ ಒಂದು ಹಿತ್ತಾಳೆ ನಲ್ಲಿ ಬೆಸುಗೆ ಹಾಕಿಸಿ ಮೇಲೆ ಗೋಡೆಗೆ ಕೂರಿಸಿ, ಬಾವಿಯ ನೀರು ತುಂಬಿದೆ. ನಲ್ಲಿ ತಿರುಗಿಸಿದರೆ ಸಿಂಕಿಗೆ ನೀರು ಬಿತ್ತು, ಬಸಳೆಯ ಬುಡದಲ್ಲಿ ಹೋಗಿ ಬಿತ್ತು. ಆ ಸದ್ದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಆಮೇಲೆ ಪ್ರದರ್ಶನ. ಹೆಡ್‌ಮಾಸ್ತರರು ಬಂದು ಕೊಡೆಯ ತುದಿಯಿಂದ ಇಟ್ಟಿಗೆಗಳನ್ನು ಕುಟ್ಟಿ ನೋಡಿ, ಗಟ್ಟಿ ಇದೆ ಎಂದರು. ಪೋಸ್ಟ್‌ಮನ್ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡ. ಡ್ರಾಯಿಂಗ್ ಮೇಷ್ಟರು ಸಿಂಕಿನ ಹಿಂದೆ ಗೋಡೆಗೆ ಒಂದು ಹಂಸ ಬರೆದುಕೊಡಲೇ ಎಂದು ಕೇಳಿದರು. ಹೀಗೆ ಒಂದು ವಾರದಲ್ಲಿ ಹದಿನೈದಿಪ್ಪತ್ತು ಗಂಡಸರು ಬಂದು, ಕಾಫಿ ಕುಡಿದು, ಅಷ್ಟೂ ಮುಸುರೆ ಲೋಟ ಬಿಟ್ಟು ಹೋದರು. ಕೊನೆಯ ದಿನ ಗಿರಿಜಮ್ಮ ಊರಿಗೆ ಹೊರಡುವ ಮುಂಚೆ ಬಂದರು. ಸಿಂಕಿನೆದುರು ನಿಂತರು. ಸಿಂಕ್ ನೋಡಿದರು, ಸರೋಜಳನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಸರೋಜ ಅವರ ಕೈಗೆ ಕಾಫಿ ಲೋಟ ಕೊಟ್ಟಳು. ಅವರು ಕುಡಿದು, ಬರ್ತೀನಿ ಎಂದು ಹೋದರು.

ಆವತ್ತು ಸಂಜೆ ಮೊದಲ ಸಲ ನಿಜವಾದ ಕೆಲಸ. ಸರೋಜ ಸೆರಗು ಸಿಕ್ಕಿಸಿಕೊಂಡು, ನಾರು ಬೂದಿ ಹಿಡಿದು ಸಿಂಕಿನೆದುರು ನಿಂತಳು. ನಾನು ಸ್ವಲ್ಪ ಹಿಂದೆ ನಿಂತು ನೋಡಿದೆ. ನೋಡಿದ ಕೂಡಲೇ ನನ್ನ ತಪ್ಪು ಕಾಣಿಸಿತು. ನಿಮಗೆ ನಾನು ಹೇಳಿಲ್ಲ, ನಾನು ಆರಡಿಗೆ ಒಂದೇ ಬೆರಳು ಕಡಿಮೆ. ಸರೋಜ ನನ್ನ ಭುಜಕ್ಕೂ ಬರುವುದಿಲ್ಲ. ನನ್ನ ಸೊಂಟಕ್ಕೆ ಸರಿಯಾಗಿ ಕಟ್ಟಿದ ಹಲಗೆ ಅವಳ ಎದೆಗೆ ಬಂದಿತ್ತು. ಸಿಂಕಿನ ತಳಕ್ಕೆ ಕೈ ಹಾಕಬೇಕಾದರೆ ಅವಳು ತುದಿಗಾಲಲ್ಲಿ ನಿಂತು, ಎರಡು ಮೊಣಕೈಯನ್ನೂ ಕೋಳಿಯ ರೆಕ್ಕೆಯ ಹಾಗೆ ಮೇಲೆತ್ತಬೇಕಾಗಿತ್ತು. ಎರಡು ಲೋಟ ತೊಳೆಯುವಷ್ಟರಲ್ಲಿ ಒಂದು ಕೈ ಸೊಂಟಕ್ಕೆ ಹೋಯಿತು. ಮಣೆ ಹಾಕಿ ಅದರ ಮೇಲೆ ನಿಂತರೆ ಹೇಗೆ ಎಂದು ಮಣೆ ತಂದೆ. ಒದ್ದೆ ನೆಲದಲ್ಲಿ ಮಣೆ ಜಾರಿತು. ನಾನು ಹಿಡಿದುಕೊಂಡೆ, ಅವಳು ಬೀಳಲಿಲ್ಲ. ಆದರೆ ನನಗೆ ಆಷಾಢದ ಆ ಬೆಳಿಗ್ಗೆ ಕಣ್ಣಿಗೆ ಬಂದು, ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ರಜೆ ಶುರುವಾಗಲು ನಾಲ್ಕು ದಿನ ಇತ್ತು. ನಾಲ್ಕು ದಿನದಲ್ಲಿ ಕಂಬ ಕಿತ್ತು, ರಾಳ ಕೆರೆದು, ಮತ್ತೆ ಕಟ್ಟುವುದು ಆಗದ ಮಾತು. ಎಲ್ಲ ಅಳೆದವನು ಅವಳೊಬ್ಬಳನ್ನು ಅಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಹೊರಟೇ ಹೋಗುತ್ತಾಳೆ ಎಂದು ಅಳುವೇ ಬಂತು. ನನ್ನ ಮುಖ ನೋಡಿ ಅವಳು, "ಇರ್ಲಿ ಬಿಡಿ. ಅಪ್ಪಯ್ಯ ಬಂದು ನೋಡ್ಲಿ, ಆಮೇಲೆ ಯೋಚ್ನೆ ಮಾಡಿದ್ರಾಯ್ತು," ಎಂದು ಸ್ಟೌ ಹತ್ತಿಸಲು ಹೋದಳು.

ಸಿಂಕಿನಲ್ಲಿ ಪಾತ್ರೆಗಳು ಹಾಗೇ ಇದ್ದವು. ಗಿರಿಜಮ್ಮ ಇಲ್ಲ. ನೀರು ಸರಿಯಾಗಿ ಹೋಗುತ್ತದೆಯೋ ನೋಡುವ ನೆಪದಲ್ಲಿ ನಾನು ಒಂದು ಲೋಟ ತೆಗೆದುಕೊಂಡು ತೊಳೆದೆ. ಸರಾಗವಾಗಿ ಹೋಯಿತು. ಇನ್ನೊಂದು ತೊಳೆದೆ. ಬಗ್ಗಬೇಕಾಗಿರಲಿಲ್ಲ, ಕೈ ಚಾಚಬೇಕಾಗಿರಲಿಲ್ಲ. ಓಣಿಯಿಂದ ಯಾರಿಗೂ ಕಾಣುತ್ತಿರಲಿಲ್ಲ. ಇಡೀ ತೀರ್ಥಹಳ್ಳಿಯಲ್ಲಿ ಒಬ್ಬ ಮನುಷ್ಯನ ಮೈಗೆ ಅಷ್ಟು ಒಪ್ಪುವ ವಸ್ತು ಇನ್ನೊಂದು ಇರಲಿಲ್ಲ, ದರ್ಜಿ ಹೊಲಿದ ನನ್ನ ಕೋಟು ಕೂಡ ಅಷ್ಟು ಒಪ್ಪುತ್ತಿರಲಿಲ್ಲ. ಪರೀಕ್ಷೆ ಎಂದು ಹೇಳಿಕೊಂಡು ಆವತ್ತು ರಾತ್ರಿಯ ಪಾತ್ರೆ ಮುಗಿಸಿದೆ. ಮರುದಿನ ಬೆಳಿಗ್ಗೆಯೂ ಪರೀಕ್ಷೆ ಮುಂದುವರಿಯಿತು. ಸಾರಿನ ಪಾತ್ರೆಗೆ ಹುಣಸೆಹಣ್ಣು, ಹಾಲಿನ ಪಾತ್ರೆಗೆ ಬಿಸಿನೀರು, ಮೊದಲು ಲೋಟ, ಕೊನೆಗೆ ಬಾಣಲೆ ಎಂದೆಲ್ಲ ಸರೋಜ ಬೆಂಚಿನ ಹತ್ತಿರ ನಿಂತು ಹೇಳಿಕೊಡುತ್ತಿದ್ದಳು. ನಾನು ಇಷ್ಟು ಶ್ರದ್ಧೆಯಿಂದ ಪಾಠ ಹೇಳಿದ್ದು ನೆನಪಿಲ್ಲ.

ಐದನೆಯ ದಿನ ಬೆಳಿಗ್ಗೆ ಹಾಲು ತಳ ಹಿಡಿದ ಪಾತ್ರೆಯನ್ನು ಮೊಣಕೈವರೆಗೆ ಬೂದಿ ಮಾಡಿಕೊಂಡು ತಿಕ್ಕುತ್ತಿದ್ದೆ. ಮಾವ ಬಂದರು. ಬಾಗಿಲು ತೆರೆದೇ ಇತ್ತು, ಮಗಳನ್ನು ಹುಡುಕಿಕೊಂಡು ಸೀದಾ ಅಡುಗೆಮನೆಗೇ ಬಂದುಬಿಟ್ಟರು. ಕೈ ಹಿಂದಕ್ಕೆ ತೆಗೆಯಲು ನೋಡಿದೆ. ಪಾತ್ರೆ ದೊಡ್ಡದು, ಬಿಟ್ಟರೆ ಸದ್ದಾಗುತ್ತಿತ್ತು. ಹಾಗೇ ತಿಕ್ಕುತ್ತ ನಿಂತೆ. ನಮ್ಮ ಮಾವ ತಾವು ಉಂಡ ಎಲೆಯನ್ನು ತಾವೇ ಎತ್ತಿದ್ದನ್ನು ಕೂಡ ಯಾರೂ ಕಂಡಿರಲಿಲ್ಲ. ಅವರ ಎದುರಿಗೆ ನಾನು ಮುಸುರೆ ತಿಕ್ಕುತ್ತಿದ್ದೆ. ಕಿವಿ ಕೆಂಪಾದದ್ದು ನನಗೇ ಗೊತ್ತಾಗುತ್ತಿತ್ತು.

ಅವರು ಬೆಂಚಿನ ತುದಿಯಲ್ಲಿ ಕೂತರು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದರು. ಸರೋಜ ಅವರಿಗೆ ಕಾಫಿ ಕೊಟ್ಟಳು. ಸಿಂಕಿನ ವಿಚಾರ ವಿವರಿಸೋಣ ಎಂದು ನಾನು ಹಲಸಿನ ಹಲಗೆ, ದಬ್ಬೆ, ರಾಳ ಎಂದೆಲ್ಲ ಶುರುಮಾಡಿದೆ. ಎತ್ತರದ ವಿಚಾರ ಬಂದಾಗ ತಡವರಿಸಿದೆ. ಅವರು ಹಲಗೆಯನ್ನೂ ನೋಡಲಿಲ್ಲ, ದಬ್ಬೆಯನ್ನೂ ನೋಡಲಿಲ್ಲ. ನನ್ನ ಕೈಯನ್ನು ನೋಡುತ್ತಿದ್ದರು.

"ತಳದಲ್ಲಿ ಇನ್ನೂ ಸ್ವಲ್ಪ ಅದೆ," ಎಂದರು.

ತಿಕ್ಕಿದೆ. ತೊಳೆದು ಕವುಚಿ ಹಾಕಿದೆ. ಅವರು ಎದ್ದು, ಉತ್ತರೀಯ ಕೊಡವಿ ಹೆಗಲಿಗೆ ಹಾಕಿಕೊಂಡು, ಮಗಳ ಕಡೆ ತಿರುಗಿದರು.

"ಟ್ರಂಕು ತುಂಬಿಟ್ಟಿದ್ರೆ ತೆಗ್ದು ಒಳಗಿಡು ಮಗಾ," ಎಂದರು. "ನಾನು ಊಟ ಮಾಡ್ಕಂಡು ಹೊರಡ್ತೀನಿ."

ಊಟದಲ್ಲಿ ನನಗೆ ಎರಡು ಸಲ ಅವರೇ ತುಪ್ಪ ಬಡಿಸಿದರು. ಅಷ್ಟು ಮಾತಾಡದ ಮನುಷ್ಯ ಅದಕ್ಕಿಂತ ಹೆಚ್ಚು ಹೇಳುವುದು ಸಾಧ್ಯವಿರಲಿಲ್ಲ. ಬಸ್ಸು ಹತ್ತಿಸಿ ಮನೆಗೆ ಬಂದು ಚಪ್ಪಲಿ ಬಿಡುವಾಗ ಒಳಗಿಂದ "ಬಂದ್ರಾ" ಎಂದು ಕೇಳಿತು. ಬಂದೆ ಎಂದೆ.

ಆವತ್ತು ಸಂಜೆ ಪಾತ್ರೆ ಒರೆಸಿಡುತ್ತ, ಬೇಸಿಗೆ ರಜೆಯಲ್ಲಿ ಆಚಾರಿಯನ್ನು ಕರೆಸಿ ನಾಲ್ಕು ಸಾಲು ಇಟ್ಟಿಗೆ ತೆಗೆಸಿಬಿಡುತ್ತೇನೆ ಎಂದು ಸರೋಜಳಿಗೆ ಮಾತು ಕೊಟ್ಟೆ. ಅವಳು ಹ್ಞೂಂ ಅನ್ನಲೂ ಇಲ್ಲ, ಉಹ್ಞೂಂ ಅನ್ನಲೂ ಇಲ್ಲ. ನನಗೆ ಒಂದು ಸಂಶಯ ಬಂತು.

"ತೂತಿನ ತಪ್ಪು ನಿನಗೆ ಕಂಡಿತು. ಅಕ್ಕಚ್ಚು ನೆನಪಾಯ್ತು. ಎತ್ತರ ಒಂದು ಗೊತ್ತಾಗ್ಲಿಲ್ವಾ?"

"ದಾರಕ್ಕೆ ಗಂಟು ಹಾಕಿದ್ರಲ್ಲ, ಆವತ್ತೇ ಗೊತ್ತಾಯ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ಅವಳು ನನ್ನ ಕೈಯಿಂದ ಬಾಣಲೆ ತೆಗೆದುಕೊಂಡು, ದೀಪಕ್ಕೆ ಹಿಡಿದು ನೋಡಿ, ಗೂಟಕ್ಕೆ ಹಾಕಿದಳು.

"ಹೇಳಿದ್ರೆ ನೀವು ತಗ್ಗಿಸಿಬಿಡ್ತಿದ್ರಿ, ಅಲ್ದಾ?"